ಬೆಂಕಿ, ಮಣ್ಣು ಮತ್ತು ಹುಳು ತಿನ್ನುವ ಗಿಡ

ನನ್ನ ಊರು ಶಿರಹಟ್ಟಿ. ಊರಿನ ಮೂಡಣ ದಿಕ್ಕಿಗೆ ಕಪ್ಪತಗುಡ್ಡದ ಸಾಲು. ಗದಗದ ಹತ್ತಿರದ ಬಿಂಕದಕಟ್ಟಿಯಿಂದ ಹೊರಟು ತುಂಗಭದ್ರೆಯ ದಂಡೆಯ ಶಿಂಗಟಾಲೂರಿನವರೆಗೆ ಹಬ್ಬಿದ ಆ ಸಾಲಿನ ಮೇಲೆ, ನನ್ನ ಬಾಲ್ಯದಲ್ಲಿ, ಹೋಳಿಹುಣ್ಣಿಮೆ ಸಮೀಪಿಸಿದಂತೆ ರಾತ್ರಿಯ ಹೊತ್ತು ಒಂದು ಕೆಂಪು ಗೆರೆ ಕಾಣಿಸಿಕೊಳ್ಳುತ್ತಿತ್ತು. ಗೆರೆ ಮೆಲ್ಲನೆ ಏರುತ್ತಿತ್ತು, ಕವಲೊಡೆಯುತ್ತಿತ್ತು, ಎಲ್ಲೋ ಒಂದೆಡೆ ನಂದಿ ಮತ್ತೊಂದೆಡೆ ಹೊತ್ತಿಕೊಳ್ಳುತ್ತಿತ್ತು. ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದ ನಮಗೆ ಅದೊಂದು ನೋಟ. “ಕಪ್ಪತಮಲ್ಲಯ್ಯ ಮಾಲಿ ಹಾಕ್ಕೊಂಡಾನ ನೋಡೋ ತಮ್ಮಾ” ಎಂದು ಅಜ್ಜಿ ಹೇಳುತ್ತಿದ್ದಳು. ಗುಡ್ಡ ಸುಟ್ಟ ವರುಷ ಹುಲ್ಲು ಚೆನ್ನಾಗಿ ಚಿಗುರುತ್ತದೆ, ದನಗಳಿಗೆ ಸುಗ್ಗಿ ಎಂಬುದೂ ಅವಳ ಮಾತೇ. ಬೆಂಕಿ ಕೆಟ್ಟದ್ದು ಎಂದು ನಮಗೆ ಯಾರೂ ಹೇಳಲಿಲ್ಲ. ಶಾಲೆಗೆ ಹೋದ ಮೇಲೆ ಪಠ್ಯಪುಸ್ತಕ ಹೇಳಿತು: ಕಾಡಿನ ಬೆಂಕಿ ರಾಷ್ಟ್ರದ ಸಂಪತ್ತಿನ ನಾಶ. ಅಜ್ಜಿಯದು ಸರಿಯೋ ಪಠ್ಯಪುಸ್ತಕದ್ದು ಸರಿಯೋ ಎಂಬ ಪ್ರಶ್ನೆಯನ್ನು ನಾನು ಬಹುಕಾಲ ಕೇಳಿಕೊಳ್ಳಲೇ ಇಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಹುಳು ತಿನ್ನುವ ಒಂದು ಪುಟ್ಟ ಗಿಡ. ಕನ್ನಡ ಎಂ.ಎ. ಮಾಡಿದವನಿಗೆ ಈ ಉಸಾಬರಿ ಏಕೆ ಎಂದು ಕೇಳುಗರು ಕೇಳಬಹುದು. ಅದನ್ನೇ ಹೇಳುವವನಿದ್ದೇನೆ.

ನಮ್ಮ ಸಾಹಿತ್ಯಕ್ಕೆ ಬೆಂಕಿಯ ಪರಿಚಯ ಹೊಸದಲ್ಲ. ನಮ್ಮೂರಿನ ಪಕ್ಕದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಆ ಪುಲಿಗೆರೆಯ ತಿರುಳ್ಗನ್ನಡದಲ್ಲಿ ತಾನು ಬರೆದೆನೆಂದು ಹೇಳಿಕೊಂಡ ಪಂಪ ಕ್ರಿ.ಶ. ೯೪೧ರಲ್ಲಿ ಮುಗಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಖಾಂಡವದಹನದ ಪ್ರಸಂಗವಿದೆ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನಲ್ಲಿಯೂ ಇದೆ. ಯಜ್ಞಗಳ ತುಪ್ಪ ಕುಡಿದು ಕುಡಿದು ಅಜೀರ್ಣವಾದ ಅಗ್ನಿಗೆ ಕಾಡೇ ಔಷಧ, ಇಂದ್ರನ ಮಳೆಯನ್ನು ಅರ್ಜುನ ಬಾಣಗಳ ಚಪ್ಪರ ಕಟ್ಟಿ ತಡೆಯುತ್ತಾನೆ, ಕಾಡು ಸುಟ್ಟುಹೋಗುತ್ತದೆ, ಉಳಿದ ಮಯ ಮುಂದೆ ಸಭಾಭವನ ಕಟ್ಟಿಕೊಡುತ್ತಾನೆ. ಮೂವತ್ತು ವರ್ಷ ಈ ಭಾಗವನ್ನು ಪಾಠ ಹೇಳಿದ್ದೇನೆ. ಕಾಡು ಸುಟ್ಟು ನಾಡು ಕಟ್ಟಿದ ಕಥೆ ಎಂದು ವಿದ್ಯಾರ್ಥಿಗಳಿಗೆ ವಿವರಿಸಿದ್ದೇನೆ. ಆದರೆ ಸುಟ್ಟ ನೆಲದಲ್ಲಿ ಮರುವರ್ಷ ಏನು ಬೆಳೆಯಿತು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಧಾರವಾಡದಲ್ಲಿ ಓದುತ್ತಿದ್ದಾಗ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು, ವಿದ್ಯಾರ್ಥಿಗಳೊಡನೆ ಕ್ಯಾಸಲ್‌ರಾಕ್‌ಗೆ ಹೊರಟವರು, ರೈಲಿನಲ್ಲಿ ಜಾಗವಿದೆಯೆಂದು ನನ್ನನ್ನೂ ಕರೆದೊಯ್ದರು. ಭಾದ್ರಪದದ ದಿನಗಳು. ಘಟ್ಟದ ನೆತ್ತಿಯ ಮೇಲೆ ಹಾಸುಗಲ್ಲಿನ ಬಯಲು. ಕಲ್ಲಿನ ಮೇಲೆ ಬೆರಳುದ್ದ ಮಣ್ಣು, ಅದರ ಮೇಲೆ ತೆಳುವಾಗಿ ಹರಿಯುವ ನೀರು. ಆ ನೀರಿನಲ್ಲಿ ನೀಲಿ ಹೂಗಳ ಒಂದು ಜಮಖಾನೆಯನ್ನೇ ಹಾಸಿದಂತಿತ್ತು. “ಇದು ಯುಟ್ರಿಕ್ಯುಲೇರಿಯ. ಇಷ್ಟು ಚೆಲುವಿನ ಹೂ ಬೇಟೆಗಾರ್ತಿ” ಎಂದು ಅವರು ಒಂದು ಗಿಡವನ್ನು ಮಣ್ಣಿನ ಸಹಿತ ಎತ್ತಿ ಭೂತಗನ್ನಡಿ ಕೊಟ್ಟರು. ಬೇರಿನ ಹಾಗೆ ಕಾಣುವ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು. ಲ್ಯಾಟಿನ್ ಭಾಷೆಯ ಹೆಸರಿನ ಅರ್ಥವೂ ಸಣ್ಣ ಚೀಲವೆಂದೇ. ಚೀಲ ತನ್ನೊಳಗಿನ ನೀರನ್ನು ಹೊರಹಾಕಿ ಬಿಗಿಯಾಗಿ ಕುಳಿತಿರುತ್ತದೆ. ಬಾಗಿಲ ಕೂದಲನ್ನು ಸೂಕ್ಷ್ಮಜೀವಿಯೊಂದು ಮುಟ್ಟಿತೋ, ಬಾಗಿಲು ತೆರೆದು ನೀರಿನೊಡನೆ ಜೀವಿಯೂ ಒಳಗೆ. ಇದೆಲ್ಲ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಮೆ ಹೊತ್ತಿನಲ್ಲಿ.

ಸ್ವಲ್ಪ ದೂರದಲ್ಲಿ ಡ್ರಾಸೆರ ಇತ್ತು. ಗ್ರೀಕ್ ಭಾಷೆಯಲ್ಲಿ ಇಬ್ಬನಿ ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ಎಲೆಯ ಮೇಲಿನ ಕೆಂಪು ಕೂದಲುಗಳ ತುದಿಯಲ್ಲಿ ಅಂಟಿನ ಹನಿ. ಬಿಸಿಲೇರಿದರೂ ಆರದ ಇಬ್ಬನಿ. ಬಂದು ಕುಳಿತ ನೊರಜು ಮೇಲೇಳಲಾರದು. ಕೂದಲುಗಳು ಬಾಗಿ ಅದನ್ನು ಹಿಡಿಯುತ್ತವೆ. ಎಲೆ ರಸ ಸುರಿಸಿ ಜೀರ್ಣಿಸಿಕೊಳ್ಳುತ್ತದೆ. ನಮ್ಮ ನಾಡಿನಲ್ಲಿ ಕಾಣುವ ಡ್ರಾಸೆರ ಬರ್ಮಾನೀ ಎಂಬ ಜಾತಿ, ನೆಲಕ್ಕಂಟಿದ ರೂಪಾಯಿ ನಾಣ್ಯದಂಥದು, ಈ ಬಾಗುವ ಕೆಲಸದಲ್ಲಿ ತನ್ನ ಕುಲದ ಚುರುಕಾದವುಗಳಲ್ಲೊಂದು. ಕೆಲವೇ ಸೆಕೆಂಡುಗಳಲ್ಲಿ ಬೇಟೆಯ ಮೇಲೆ ಮಗುಚುತ್ತದೆ.

ಗಿಡ ಪ್ರಾಣಿಯನ್ನು ತಿನ್ನುತ್ತದೆ ಎಂಬುದನ್ನು ಒಪ್ಪಲು ವಿದ್ವಾಂಸರಿಗೂ ಬಹಳ ಕಾಲ ಹಿಡಿಯಿತು. ೧೭೬೯ರಲ್ಲಿ ಜಾನ್ ಎಲ್ಲಿಸ್ ಎಂಬಾತ ಅಮೆರಿಕದ ಬೇಟೆಗಿಡವೊಂದರ ವಿವರವನ್ನು ಲಿನೀಯಸ್‌ಗೆ ಬರೆದು ತಿಳಿಸಿದಾಗ, ಸಸ್ಯಗಳಿಗೆಲ್ಲ ಹೆಸರಿಟ್ಟ ಆ ಮಹನೀಯನು ಅದನ್ನು ಒಪ್ಪಲಿಲ್ಲ. ಒಂದು ಶತಮಾನದ ಮೇಲೆ ಚಾರ್ಲ್ಸ್ ಡಾರ್ವಿನ್ನನು, ೧೮೬೦ರ ಬೇಸಿಗೆಯಲ್ಲಿ ಸಸೆಕ್ಸ್‌ನ ಬಯಲಿನಲ್ಲಿ ಡ್ರಾಸೆರ ಹಿಡಿದ ಹುಳುಗಳ ಸಂಖ್ಯೆ ಕಂಡು ಬೆರಗಾಗಿ, ಆಗಾಗ ಪ್ರಯೋಗ ನಡೆಸಿ ೧೮೭೫ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಗ್ರಂಥ ಪ್ರಕಟಿಸಿದನು. ಮಾಂಸದ ಚೂರು, ಮೊಟ್ಟೆಯ ಬಿಳಿ ಭಾಗ ಇಟ್ಟು ನೋಡಿದನು. ಸಾರಜನಕವಿರುವ ಪದಾರ್ಥಕ್ಕೆ ಎಲೆ ಓಗೊಡುತ್ತದೆ, ಉಳಿದದ್ದಕ್ಕೆ ಅಷ್ಟಿಲ್ಲ ಎಂದು ಕಂಡನು. ಯುಟ್ರಿಕ್ಯುಲೇರಿಯದ ವಿಷಯದಲ್ಲಿ ಮಾತ್ರ ಆತ ತಪ್ಪಿದನು. ಹುಳು ತಾನೇ ತಲೆ ತೂರಿಸಿ ಒಳನುಗ್ಗುತ್ತದೆಂದು ತಿಳಿದಿದ್ದನು. ದೊಡ್ಡವರ ತಪ್ಪುಗಳು ನಮ್ಮಂಥವರಿಗೆ ಎಷ್ಟು ಸಮಾಧಾನ ಕೊಡುತ್ತವೆ! ೧೮೭೮ರಲ್ಲಿ ಅವನ ಮಗ ಫ್ರಾನ್ಸಿಸ್ ಡಾರ್ವಿನ್, ಆಹಾರ ಕೊಟ್ಟ ಗಿಡಗಳು ಕೊಡದವುಗಳಿಗಿಂತ ಹೆಚ್ಚು ಬೀಜ ಕಟ್ಟುತ್ತವೆಂದು ತೋರಿಸಿದ ಮೇಲೆ ವಾದ ಮುಗಿಯಿತು.

ಇಲ್ಲಿಂದ ಮಣ್ಣಿನ ಮಾತು. ಗಿಡ ಹುಳು ತಿನ್ನುವುದು ಚಪಲಕ್ಕಲ್ಲ, ಬಡತನಕ್ಕೆ. ಕ್ಯಾಸಲ್‌ರಾಕ್‌ನ ಹಾಸುಗಲ್ಲು ಬಹುಮಟ್ಟಿಗೆ ಜಂಬಿಟ್ಟಿಗೆ. ದಕ್ಷಿಣ ಕನ್ನಡದವರು ಮುರಕಲ್ಲು ಎನ್ನುತ್ತಾರೆ; ಉತ್ತರ ಕನ್ನಡದಲ್ಲಿ ಚಿರೇಕಲ್ಲು. ಶ್ರೀರಂಗಪಟ್ಟಣ ಬಿದ್ದ ಮೇಲೆ, ೧೮೦೦–೧೮೦೧ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಮಲಬಾರಿನಲ್ಲಿ ಜನ ಈ ಕಲ್ಲನ್ನು ನೆಲದಿಂದ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದಲೇ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ೧೮೦೭ರ ಅವನ ಗ್ರಂಥದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆ ಇದೆ ಎಂಬುದನ್ನು ಗಮನಿಸಿ. ಕಲ್ಲು ಕಡಿಯುವವನೂ ವಿದ್ವಾಂಸನೂ ಒಂದೇ ಹೋಲಿಕೆಯನ್ನು ಹುಡುಕಿಕೊಂಡರು.

ಲಕ್ಷಾಂತರ ವರ್ಷ ಮಳೆ ಬಿದ್ದು ಬಿದ್ದು, ಬಂಡೆಯೊಳಗಿನ ಸುಣ್ಣ, ಪೊಟ್ಯಾಷಿಯಂ ಮುಂತಾದ ಕರಗುವ ವಸ್ತುಗಳೆಲ್ಲ ತೊಳೆದುಹೋಗಿ, ಕರಗದ ಕಬ್ಬಿಣ ಅಲ್ಯುಮಿನಿಯಂಗಳು ಉಳಿದು ಗಟ್ಟಿಯಾದದ್ದೇ ಈ ಕಲ್ಲು. ಅಲ್ಪಸ್ವಲ್ಪ ರಂಜಕವಿದ್ದರೂ ಕಬ್ಬಿಣ ಅದನ್ನು ಬಿಗಿಹಿಡಿದು ಬೇರಿಗೆ ಬಿಟ್ಟುಕೊಡದು. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಸಾರಜನಕವೂ ಗಿಡಕ್ಕೆ ಸರಿಯಾಗಿ ಒದಗದು. ನಾಲ್ಕು ತಿಂಗಳು ಕೆಸರು, ಎಂಟು ತಿಂಗಳು ಕಾದ ಹಂಚು. ಇಂಥ ಕಡೆ ಮರ ಬೇರೂರದು. ಹುಲ್ಲೂ ದಟ್ಟವಾಗದು. ಇಲ್ಲಿ ಗಿಡವೊಂದು ಅನ್ನಕ್ಕಾಗಿ ನೆಲದ ಕಡೆ ನೋಡುವುದನ್ನು ಬಿಟ್ಟು ಗಾಳಿಯ ಕಡೆ, ನೀರಿನ ಕಡೆ ಕೈ ಚಾಚಿತು. ೧೯೮೪ರಲ್ಲಿ ಥಾಮಸ್ ಗಿವ್ನಿಶ್ ಮೊದಲಾದ ವಿಜ್ಞಾನಿಗಳು ಇದರ ಲೆಕ್ಕವನ್ನು ಬಿಡಿಸಿ ತೋರಿಸಿದರು: ಬೇಟೆಯ ಸಲಕರಣೆ ಕಟ್ಟುವುದು ಗಿಡಕ್ಕೆ ದುಬಾರಿ ಖರ್ಚು, ಬಿಸಿಲು ಧಾರಾಳ, ನೀರು ಧಾರಾಳ, ಮಣ್ಣಿನ ಸಾರ ಮಾತ್ರ ಇಲ್ಲ ಎನ್ನುವಲ್ಲಿ ಮಾತ್ರ ಆ ಖರ್ಚು ಗಿಟ್ಟುತ್ತದೆ. ನೆರಳು ಬಿದ್ದರೆ ನಷ್ಟ. ಗೊಬ್ಬರ ಬಿದ್ದರೂ ನಷ್ಟ. ಏಕೆಂದರೆ ಗೊಬ್ಬರ ಕಂಡ ಕೂಡಲೆ ಹುಲ್ಲು ಪೊದೆಗಳು ನುಗ್ಗಿ ಈ ಗಿಡ್ಡ ಗಿಡವನ್ನು ಮುಚ್ಚಿಹಾಕುತ್ತವೆ.

ಬೆಂಕಿಯ ಪಾತ್ರ ಬರುವುದು ಇಲ್ಲಿಯೇ. ಅಮೆರಿಕ ದೇಶದ ಆಗ್ನೇಯ ಕರಾವಳಿಯಲ್ಲಿ, ಕೆರೊಲೈನಾ ಪ್ರಾಂತಗಳಿಂದ ದಕ್ಷಿಣಕ್ಕೆ, ನೀಳ ಎಲೆಯ ಪೈನ್ ಮರಗಳು ಬಿಡಿಬಿಡಿಯಾಗಿ ನಿಂತ ಜೌಗು ಹುಲ್ಲುಗಾವಲುಗಳಿವೆ. ಹೂಜಿಗಿಡಗಳು, ಡಾರ್ವಿನ್ ಮೆಚ್ಚಿದ ನೊಣಹಿಡುಕ ಗಿಡ, ಎಲ್ಲಕ್ಕೂ ಅದೇ ತವರು. ಮರಳು ಮಣ್ಣು, ಹುಳಿ ನೀರು. ಅಲ್ಲಿ ಕೆಲವೇ ವರ್ಷಗಳಿಗೊಮ್ಮೆ ಸಿಡಿಲಿನಿಂದಲೋ ಮೂಲನಿವಾಸಿಗಳ ಕೈಯಿಂದಲೋ ಬೆಂಕಿ ಹಾಯುತ್ತಿತ್ತು. ಹುಲ್ಲು, ಪೊದೆ ಸುಡುತ್ತಿದ್ದವು. ನೆಲದೊಳಗಿನ ಗಡ್ಡೆಬೇರುಗಳು ಉಳಿದು, ಬಿಸಿಲು ಬಿದ್ದ ಬಯಲಿನಲ್ಲಿ ಮತ್ತೆ ಚಿಗುರುತ್ತಿದ್ದವು. ಇನ್ನೊಂದು ಉಪಕಾರವೂ ಆಗುತ್ತಿತ್ತು. ಬೆಂಕಿಯಲ್ಲಿ ಪೊಟ್ಯಾಷಿಯಂ, ರಂಜಕಗಳು ಬೂದಿಯಾಗಿ ನೆಲಕ್ಕೆ ಮರಳಿದರೂ ಸಾರಜನಕದ ದೊಡ್ಡ ಪಾಲು ಹೊಗೆಯಾಗಿ ಹೋಗುತ್ತದೆ. ಅಂದರೆ ಬೆಂಕಿ ಆ ನೆಲವನ್ನು ಬಡತನದಲ್ಲಿಯೇ ಉಳಿಸುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯ ಸರಕಾರ ಬೆಂಕಿಯ ಮೇಲೆ ಯುದ್ಧವನ್ನೇ ಸಾರಿತು. ೧೯೩೫ರಲ್ಲಿ, ಕಂಡ ಬೆಂಕಿ ಮರುದಿನ ಬೆಳಗಿನ ಹತ್ತು ಗಂಟೆಯೊಳಗೆ ಆರಬೇಕೆಂಬ ನಿಯಮ ಬಂತು. ಬೆಂಕಿ ಆರಿತು, ಪೊದೆಗಳು ಬೆಳೆದವು, ನೆರಳು ಕವಿಯಿತು, ಹೂಜಿಗಿಡಗಳು ಒಂದೊಂದೇ ಬಯಲಿನಿಂದ ಮರೆಯಾದವು. ಈಗ ಅದೇ ದೇಶದವರು ತಿಥಿ ವಾರ ಗಾಳಿ ನೋಡಿ ತಾವೇ ಬೆಂಕಿ ಇಡುತ್ತಾರೆ.

ಹಾಗಾದರೆ ನಮ್ಮ ಘಟ್ಟದ ಬಯಲುಗಳಿಗೂ ಬೆಂಕಿ ಬೇಕೆ? ಹಾಗೆಂದು ಆತುರದಿಂದ ತೀರ್ಮಾನಿಸುವವರನ್ನು ನೋಡಿದ್ದೇನೆ. ನಮ್ಮ ಹಾಸುಗಲ್ಲಿನಲ್ಲಿ ಆ ಕೆಲಸವನ್ನು ಬೇಸಿಗೆಯೇ ಮಾಡುತ್ತದೆ. ಮರ ಪೊದೆಗಳನ್ನು ದೂರವಿಡಲು ಎಂಟು ತಿಂಗಳ ಬಿಸಿಲು ಸಾಕು. ನಮ್ಮ ನೀಲಿ ಹೂವಿನ ಗಿಡ ಮಳೆಯೊಂದಿಗೆ ಹುಟ್ಟಿ, ಕಾರ್ತಿಕದ ಹೊತ್ತಿಗೆ ಬೀಜ ಚೆಲ್ಲಿ ಸಾಯುತ್ತದೆ. ಡ್ರಾಸೆರ ಇಂಡಿಕವೂ ಹಾಗೆಯೇ. ಬಾಬಾಬುಡನ್‌ಗಿರಿ, ಕುದುರೆಮುಖಗಳ ಎತ್ತರದ ಹುಲ್ಲುಗಾವಲಿನಲ್ಲಿರುವ ಡ್ರಾಸೆರ ಪೆಲ್ಟಾಟ ನೆಲದೊಳಗೆ ಪುಟ್ಟ ಗಡ್ಡೆಯಾಗಿ ಬೇಸಿಗೆಯನ್ನು ಮಲಗಿ ಕಳೆಯುತ್ತದೆ. ಮಾಘ ಫಾಲ್ಗುಣದಲ್ಲಿ ದನಗಾಹಿ ಹುಲ್ಲಿಗೆ ಬೆಂಕಿಯಿಟ್ಟರೆ ಅದು ಇವುಗಳ ಮನೆ ಬಾಗಿಲಿಗೆ ಬರುತ್ತದೆ. ಗಿಡ ಮಾತ್ರ ಮನೆಯಲ್ಲಿರುವುದಿಲ್ಲ. ಹುಲ್ಲು ದಟ್ಟವಾಗಿರುವ ಎತ್ತರದ ಇಳಿಜಾರುಗಳಲ್ಲಿ ಇಂಥ ಬೆಂಕಿ ಬಿಸಿಲಿಗೆ ದಾರಿ ಮಾಡಿಕೊಟ್ಟೀತು. ಆದರೆ ಬೀಜ ಬಲಿಯುವ ಮೊದಲೇ, ಕಾರ್ತಿಕದಲ್ಲಿಯೇ, ಬಿದ್ದ ಬೆಂಕಿ ಒಂದು ವರ್ಷದ ಸಂತತಿಯನ್ನೇ ಅಳಿಸುತ್ತದೆ. ಎಲ್ಲವೂ ಹೊತ್ತುಗೊತ್ತಿನ ಮಾತು.

ನಮ್ಮಲ್ಲಿ ಈ ಗಿಡಗಳಿಗೆ ಬಂದ ಕೇಡು ಬೇರೆ ದಾರಿಯಿಂದ ಬಂತು, ಮತ್ತು ಅದರಲ್ಲಿ ನನ್ನ ಕೈಯೂ ಇದೆ. ೧೯೮೦ರ ದಶಕದ ನಡುವೆ ಕರಾವಳಿಯ ಒಂದು ಕಾಲೇಜಿನಲ್ಲಿ ನಾನು ಅಧ್ಯಾಪಕನಾಗಿದ್ದೆ. ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನ ಹೆಗಲ ಮೇಲಿತ್ತು. ಊರ ಹೊರಗೆ ಮುರಕಲ್ಲಿನ ವಿಶಾಲ ಬಯಲು. ತುಳುವರು ಪದವು ಎನ್ನುತ್ತಾರೆ. ಕಂದಾಯದ ಕಾಗದಗಳಲ್ಲಿ ಅದು ಬಂಜರು. ಸಾಮಾಜಿಕ ಅರಣ್ಯದ ಉತ್ಸಾಹದ ಕಾಲವದು. ಅಕೇಸಿಯಾ ಸಸಿಗಳು ಬೇಡಿದಷ್ಟು ಸಿಗುತ್ತಿದ್ದವು. ಮಳೆಗಾಲದ ಶಿಬಿರದಲ್ಲಿ ನಾನೂ ನನ್ನ ವಿದ್ಯಾರ್ಥಿಗಳೂ ಹಾರೆಯಿಂದ ಕಲ್ಲೊಡೆದು, ಗುಂಡಿ ತೋಡಿ, ಬುಟ್ಟಿಯಲ್ಲಿ ಮಣ್ಣು ಹೊತ್ತುತಂದು ತುಂಬಿ, ನೂರಾರು ಸಸಿ ನೆಟ್ಟೆವು. ಕಾಲ ಕೆಳಗೆ ನೀಲಿ ಹೂ ಇತ್ತು. ಕ್ಯಾಸಲ್‌ರಾಕ್‌ನಲ್ಲಿ ಭೂತಗನ್ನಡಿ ಹಿಡಿದು ನೋಡಿದ ಅದೇ ಹೂ. ನಾನು ಗುರುತಿಸಲಿಲ್ಲ ಎಂದರೆ ಸುಳ್ಳಾದೀತು. ಗುರುತಿಸಿದೆ, ಆದರೆ ಅದು ಮುಖ್ಯವೆಂದು ತೋರಲಿಲ್ಲ. ಸಮಾರೋಪದಲ್ಲಿ ‘ಬೋಳು ನೆಲಕ್ಕೆ ಹಸಿರು ಸೀರೆ ಉಡಿಸಿದ್ದೇವೆ’ ಎಂದು ಭಾಷಣವನ್ನೂ ಮಾಡಿದೆ, ಚಪ್ಪಾಳೆ ಬಿತ್ತು.

ಅಕೇಸಿಯಾ ಬೇರುಗಂಟುಗಳ ಸೂಕ್ಷ್ಮಾಣುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ತುಂಬುವ ಮರ. ಅದಕ್ಕೇ ಅದನ್ನು ಹೊಗಳುತ್ತಿದ್ದೆವು. ಹಸಿವನ್ನೇ ನಂಬಿ ಬದುಕಿದ ಗಿಡದ ಮೇಲೆ ಅನ್ನದ ರಾಶಿ ಸುರಿದೆವು, ಮೇಲೆ ನೆರಳನ್ನೂ ಹೊದಿಸಿದೆವು. ಉದುರಿದ ಎಲೆ ದಪ್ಪಗೆ ಹಾಸಿತು. ಹತ್ತು ವರ್ಷಗಳ ಮೇಲೆ ಶ್ರಾವಣದಲ್ಲಿ ಅತ್ತ ಹೋದಾಗ ಮರಗಳು ಚೆನ್ನಾಗಿದ್ದವು; ಅವುಗಳ ಕೆಳಗೆ ನೀಲಿ ಇರಲಿಲ್ಲ. ಕಾಸರಗೋಡು, ಕಣ್ಣೂರುಗಳ ಕಡೆ ಮಲಯಾಳಿಗಳು ಈ ಹೂವನ್ನು ಕಾಕ್ಕಪ್ಪೂವು ಎಂದು ಕರೆದು ಓಣಂ ಹಬ್ಬದ ಹೂವಿನ ರಂಗವಲ್ಲಿಗೆ ಬಳಸುತ್ತಾರೆ. ಅವರಿಗೆ ಅದು ಬಂಜರಿನ ಕಳೆಯಲ್ಲ, ಹಬ್ಬದ ಸಾಮಗ್ರಿ. ಬಂಜರು ಎಂಬ ಶಬ್ದ ಎಷ್ಟು ನೆಲವನ್ನು ಕೊಂದಿದೆ ಎಂದು ಯಾರಾದರೂ ತರುಣ ಸಂಶೋಧಕರು ಬರೆಯಬೇಕು. ಕಂದಾಯ ಕೊಡದ್ದೆಲ್ಲ ಬಂಜರು ಎಂಬುದು ಆಳುವವರ ನಿಘಂಟು.

ನಮ್ಮ ಬಯಲುಸೀಮೆಯಲ್ಲಿ ಬೆಂಕಿಯ ಇತಿಹಾಸ ಪಂಪನಿಗಿಂತ ಬಹಳ ಹಳೆಯದು. ಬಳ್ಳಾರಿಯ ಹತ್ತಿರ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬವಿದೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ತೋರಿಸುತ್ತಾರೆ. ಇಂಥ ದಿಬ್ಬಗಳು ಹೊಸಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯವು ಎಂಬ ತೀರ್ಮಾನಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬಂದನು; ೧೯೬೩ರಲ್ಲಿ ಆಲ್ಚಿನ್ ಅದನ್ನು ಗ್ರಂಥರೂಪದಲ್ಲಿ ವಿಸ್ತರಿಸಿದರು. ನಾಲ್ಕೈದು ಸಾವಿರ ವರ್ಷಗಳ ಹಿಂದೆಯೇ ಈ ನಾಡಿನಲ್ಲಿ ದನ, ಹುಲ್ಲು, ಬೆಂಕಿ ಮೂರೂ ಒಟ್ಟಿಗಿದ್ದವು ಎಂದಾಯಿತು. ನನ್ನ ಅಜ್ಜಿಯ ಮಾತಿನ ಹಿಂದೆ ಅಷ್ಟು ಉದ್ದದ ನೆನಪಿತ್ತೋ ಏನೋ.

ಆಂಗ್ಲರ ಅರಣ್ಯಶಾಸ್ತ್ರ ಬಂದು ಈ ನೆನಪನ್ನು ಅಪರಾಧವಾಗಿಸಿತು. ೧೮೭೮ರ ಅರಣ್ಯ ಕಾನೂನಿನ ಮೇರೆಗೆ ಕಾಯ್ದಿಟ್ಟ ಕಾಡಿನಲ್ಲಿ ಬೆಂಕಿಯಿಡುವುದು ಶಿಕ್ಷಾರ್ಹ. ಆದರೆ ಅವರಲ್ಲೂ ಭಿನ್ನಮತವಿತ್ತು. ಬರ್ಮಾದ ಸಾಗುವಾನಿ ಕಾಡುಗಳಲ್ಲಿ ಬೆಂಕಿರಕ್ಷಣೆ ಅತಿಯಾಯಿತೆಂದು ಸ್ಲೇಡ್ ಎಂಬ ಅಧಿಕಾರಿ ೧೮೯೬ರಲ್ಲಿಯೇ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಬರೆದನು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಇದೇ ವಾದ. ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗ, ಒಣಗಿದ ಎಲೆಗೆ ಅವರು ಇಡುತ್ತಿದ್ದ ಮೆಲುಬೆಂಕಿಗೆ ತರಗುಬೆಂಕಿ ಎಂದು ಹೆಸರು. ೧೯೭೪ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ತರಗುಬೆಂಕಿ ನಿಂತಿತು. ಲಂಟಾನ ಹಬ್ಬಿತು. ನೆಲ್ಲಿಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಏರಿತು. ಬೆಂಕಿ ನಿಂತದ್ದರಿಂದಲೇ ಹೀಗಾಯಿತೆಂದು ಸೋಲಿಗರು ಹೇಳುತ್ತಾರೆ. ಸಂಶೋಧಕರು ಅದನ್ನು ಕಿವಿಗೊಟ್ಟು ಕೇಳತೊಡಗಿದ್ದು ತೀರ ಈಚೆಗೆ. ಮತ್ತೊಂದು ಕಡೆ, ೨೦೧೯ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟ ಬೆಂಕಿಯನ್ನು ತರಗುಬೆಂಕಿ ಎನ್ನಲು ಯಾರಿಗೂ ಬಾಯಿ ಬಾರದು. ಹೆಸರು ಒಂದೇ ಆದರೂ ಬೆಂಕಿ ಒಂದೇ ಅಲ್ಲ.

ಇಷ್ಟೆಲ್ಲ ಸುತ್ತಿ ಕಪ್ಪತಗುಡ್ಡಕ್ಕೆ ಮರಳುತ್ತೇನೆ. ಫೂಟ್ ಇದನ್ನು ಡಂಬಳದ ಗುಡ್ಡಗಳೆಂದು ಕರೆದು, ಇದರ ಬಂಗಾರದ ಶಿಲೆಗಳ ಬಗೆಗೆ ೧೮೭೪ರಲ್ಲಿ ವರದಿ ಬರೆದನು. ಸೊರಟೂರಿನ ಕಡೆಯ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನದ ಕಣ ಆರಿಸುತ್ತಿದ್ದ ಕಾಲ ಅದು. ಗುಡ್ಡದ ಒಂದು ಮಗ್ಗುಲು ಬ್ರಿಟಿಷರ ಧಾರವಾಡ ಜಿಲ್ಲೆ, ನಮ್ಮ ಶಿರಹಟ್ಟಿ ಸಾಂಗಲಿ ಸಂಸ್ಥಾನ, ಪಕ್ಕದ ಲಕ್ಷ್ಮೇಶ್ವರ ಹಿರಿಯ ಮೀರಜ ಸಂಸ್ಥಾನ. ಮೂವರು ದೊರೆಗಳಿದ್ದರು, ಬೆಂಕಿಗೆ ಯಾರ ಗಡಿಯೂ ಗೊತ್ತಿರಲಿಲ್ಲ. ಗಣಿಯ ಆಸೆ ನಮ್ಮ ಕಾಲದಲ್ಲಿ ಮತ್ತೆ ಹುಟ್ಟಿತು. ೨೦೧೫ರಲ್ಲಿ ಸಂರಕ್ಷಿತ ಮೀಸಲೆಂದು ಘೋಷಿಸಿದ ಗುಡ್ಡದ ಆ ಮಾನ್ಯತೆಯನ್ನು ೨೦೧೬ರಲ್ಲಿ ಹಿಂದೆಗೆದುಕೊಂಡರು. ಗದಗದ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು; ೨೦೧೭ರಲ್ಲಿ ಅದು ಮರಳಿತು. ೨೦೧೯ರಲ್ಲಿ ಸುಮಾರು ೨೪೪ ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಗುಡ್ಡ ಉಳಿಯಿತು. ಬೆಂಕಿಯೂ ಉಳಿಯಿತು.

ಇಲ್ಲಿಯ ಮಣ್ಣನ್ನು ನೋಡಬೇಕು. ಸೀಳುಸೀಳಾದ ಶಿಲೆ, ಕಡಿದಾದ ಇಳಿಜಾರು, ಅದಕ್ಕಂಟಿದ ಗೇಣುದ್ದ ಗರಸು ಮಣ್ಣು. ಘಟ್ಟದ ಹಾಸುಗಲ್ಲು ಸಮತಟ್ಟು. ಅಲ್ಲಿ ಮಣ್ಣು ತೆಳುವಾದರೂ ತಗ್ಗಿನಲ್ಲಿ ನಿಲ್ಲುತ್ತದೆ. ಇಲ್ಲಿ ನಿಲ್ಲಿಸುವುದು ಬಾದೆ ಹುಲ್ಲಿನ ಬುಡ ಮತ್ತು ಕುರುಚಲು ಗಿಡಗಳ ಬೇರು. ಹುಲ್ಲು ಸುಟ್ಟರೂ ಅದರ ಬುಡ ಸಾಯದು. ಅಜ್ಜಿ ಹೇಳಿದಂತೆ ಚಿಗುರುತ್ತದೆ. ಆದರೆ ಸುಟ್ಟ ನೆಲ ಎರಡು ಮೂರು ತಿಂಗಳು ಬೆತ್ತಲೆ ಇರುತ್ತದೆ. ಅಷ್ಟರಲ್ಲಿ ನಮ್ಮ ಮುಂಗಾರಿನ ಮೊದಲ ಮಳೆ ಬೀಳುತ್ತದೆ. ಅದು ತುಂತುರು ಮಳೆಯಲ್ಲ, ಬಡಿಯುವ ಮಳೆ. ಔಷಧಿಯ ಗಿಡಗಳಿಗೆ ಹೆಸರಾದ ಗುಡ್ಡವಿದು. ವರುಷ ವರುಷ ಸುಡುತ್ತಿದ್ದರೆ ಅವುಗಳ ಎಳೆಸಸಿಗಳು ಮರುಹುಟ್ಟು ಕಾಣಲಾರವು, ಹುಲ್ಲಷ್ಟೇ ಉಳಿದೀತು. ಈ ನೆಲದಲ್ಲಿ ನಾನು ಬೆಂಕಿಯ ವಕೀಲನಾಗಲಾರೆ. ಅಮೆರಿಕದ ಜೌಗಿಗೂ ಸೋಲಿಗರ ಬೆಟ್ಟಕ್ಕೂ ಸಂದ ನ್ಯಾಯವನ್ನು ಇಲ್ಲಿಗೆ ತರಲು ನಮ್ಮ ಮಣ್ಣು ಒಪ್ಪುವುದಿಲ್ಲ.

ಆದರೆ ಹುಲ್ಲನ್ನು ಕೊಯ್ಯಲೂ ಬಿಡೆವು, ಬೆಂಕಿಯನ್ನೂ ತಡೆಯುತ್ತೇವೆ ಎಂಬುದು ನಡೆಯುವ ಮಾತಲ್ಲ. ಆಳೆತ್ತರ ಒಣಗಿ ನಿಂತ ಬಾದೆ ಹುಲ್ಲಿಗೆ ಒಂದು ಬೀಡಿಯ ತುಣುಕು ಸಾಕು. ಹಿಂದೆ ಗುಡಿಸಲು ಹೊದಿಸಲು, ದನಕ್ಕೆ ಹಾಕಲು ಜನ ಹೊರೆಗಟ್ಟಲೆ ಕೊಯ್ದು ತರುತ್ತಿದ್ದರು. ಬೆಂಕಿಗೆ ಉಳಿಯುತ್ತಿದ್ದ ಪಾಲು ಕಡಮೆ. ಬೇಸಿಗೆಗೆ ಮೊದಲೇ ಬೆಂಕಿರೇಖೆ ಬಿಡಿಸಿ, ಆಯ್ದ ಕಡೆ ಕೊಯ್ಲಿಗೆ ಅವಕಾಶ ಕೊಟ್ಟರೆ ಗುಡ್ಡದ ಕೆಳಗಿನ ಊರುಗಳು ಕಾವಲಿಗೆ ತಾವಾಗಿ ನಿಂತಾವು ಎಂದು ನನ್ನ ನಂಬಿಕೆ. ಗುಡ್ಡದ ಮಣ್ಣು ಎಲ್ಲಿ ಹೋಗುತ್ತದೆಂದು ಅವರಿಗೆ ಗೊತ್ತು. ಅದು ಕೆರೆಗೆ ಹೋಗುತ್ತದೆ. ಮಳೆಯ ನೀರು ಹಿಡಿಯಲೆಂದು ಹಿಂದಿನವರು ಕಟ್ಟಿದ ನಮ್ಮ ತಾಲ್ಲೂಕಿನ ಮಾಗಡಿಯ ಕೆರೆ ಐವತ್ತು ಹೆಕ್ಟೇರಿನಷ್ಟೇ. ೨೦೨೪ರಲ್ಲಿ ಅದು ರಾಮ್‌ಸರ್ ಪಟ್ಟಿಗೆ ಸೇರಿ ಲೋಕವಿಖ್ಯಾತವಾಯಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಬಾತುಗಳು ಚಳಿಗಾಲ ಕಳೆಯುವುದು ಮನುಷ್ಯರು ಕಟ್ಟಿದ ಈ ನೀರಿನಲ್ಲಿ. ನಮ್ಮ ಸೀಮೆಯಲ್ಲಿ ಕೆರೆ ಎಂದರೆ ಆಳ. ಹೂಳು ಕೂತಷ್ಟೂ ಕೆರೆ ಕಡಮೆ.

ಎರಡು ವರ್ಷಗಳ ಹಿಂದೆ ಜ್ಯೇಷ್ಠದಲ್ಲಿ, ಮೊದಲ ದೊಡ್ಡ ಮಳೆಯ ಮರುದಿನ, ಸುಟ್ಟಿದ್ದ ಒಂದು ಬದಿಯ ಬುಡದಲ್ಲಿ ಬಸ್ಸು ನಿಂತಿತು. ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಇಳಿದು ನಿಂತೆ. ನೀರಿನ ಅಂಚಿನಲ್ಲಿ ಕಪ್ಪು ಗೆರೆ, ನಡುವೆ ಇಟ್ಟಿಗೆಯ ಬಣ್ಣ. ಸನಿಕೆ ಹೆಗಲಿಗಿಟ್ಟ ರೈತರೊಬ್ಬರು ಪಕ್ಕದಲ್ಲಿ ನಿಂತಿದ್ದರು. ಏನು ನೋಡುತ್ತೀರಿ ಎಂಬಂತೆ ನನ್ನ ಮುಖ ನೋಡಿದರು. “ರಾತ್ರಿ ಬರೇ ಕಪ್ಪು ನೀರು ಬಂತ್ರಿ ಸರ, ಬೂದಿ. ಮುಂಜಾನಿಂದ ಹಿಂಗ ಕೆಂಪ ಬರಾಕತ್ತೈತಿ” ಎಂದರು. ಕೆಂಪು ಯಾವಾಗ ನಿಲ್ಲುತ್ತದೆ ಎಂದು ಕೇಳಿದೆ. “ಹುಲ್ಲು ಬರೂತನಕ ನಿಲ್ಲಂಗಿಲ್ರಿ” ಎಂದು ಹೇಳಿ, ತಮ್ಮ ಹೊಲದ ಬದುವಿನ ಕಡೆ ನಡೆದರು.